ಪೊರೆ ಆಪರೇಷನ್ ಆದ ಮೇಲೂ ಪವರ್ ಉಳಿದರೆ: ಕಣ್ಣೊಳಗೆ ಕೂತ ಲೆನ್ಸನ್ನೇ ಬೆಳಕಿನಿಂದ ತಿದ್ದುವುದು ಹೇಗೆ?

ಕಣ್ಣಿನ ಪೊರೆಯ ಆಪರೇಷನ್ ಆಗಿ ಮೂರು ವಾರ ಆಗಿದೆ ಅಂದುಕೊಳ್ಳಿ. ಹಳದಿಯಾಗಿ ಕಾಣುತ್ತಿದ್ದ ಗೋಡೆ ಮತ್ತೆ ಬಿಳಿಯಾಗಿದೆ. ರಾತ್ರಿ ದೀಪದ ಸುತ್ತ ಕಾಣುತ್ತಿದ್ದ ಮಂಜಿನ ಉಂಗುರ ಹೋಗಿದೆ. ಆದರೆ ಟಿವಿಯ ಕೆಳಗೆ ಓಡುವ ಸಣ್ಣ ಅಕ್ಷರಗಳು ಮಾತ್ರ ಇನ್ನೂ ಸ್ವಲ್ಪ ಮಸುಕು. ಕಣ್ಣು ಕಿರಿದು ಮಾಡಿದರೆ ಓದಬಹುದು, ಬಿಟ್ಟರೆ ಕಲಸಿ ಹೋಗುತ್ತವೆ.

ಡಾಕ್ಟರ್ ನೋಡಿ, "ಆಪರೇಷನ್ ಚೆನ್ನಾಗೇ ಆಗಿದೆ, ಸ್ವಲ್ಪ ಪವರ್ ಉಳಿದಿದೆ ಅಷ್ಟೇ" ಅನ್ನುತ್ತಾರೆ. ಕೇಳಿದವರಿಗೆ ಗೊಂದಲ. ಚೆನ್ನಾಗಿ ಆಗಿದ್ದರೆ ಪವರ್ ಯಾಕೆ ಉಳಿಯಬೇಕು? ಹೊಸ ಲೆನ್ಸ್ ಹಾಕಿದ್ದೇ ಸರಿಯಾಗಿ ಕಾಣಲಿ ಅಂತ ಅಲ್ವಾ?

ಈ ಎರಡು ಮಾತೂ ಒಟ್ಟಿಗೇ ನಿಜವಾಗಿರಬಹುದು. ಅದು ಹೇಗೆ ಎಂದು ಮೊದಲು ನೋಡೋಣ. ಹಾಗೆ ಉಳಿದ ಪವರನ್ನು ತಿದ್ದಲು ಈಚಿನ ವರ್ಷಗಳಲ್ಲಿ ಬಂದಿರುವ ಒಂದು ವಿಶೇಷ ಲೆನ್ಸಿನ ಬಗ್ಗೆ ಆಮೇಲೆ ತಿಳಿದುಕೊಳ್ಳೋಣ. ಕಣ್ಣೊಳಗೆ ಕೂರಿಸಿ, ಗಾಯ ಮಾಗಿದ ಮೇಲೆ, ಹೊರಗಿನಿಂದ ಬೆಳಕು ಹಾಯಿಸಿ ಅದರ ಪವರ್ ಬದಲಾಯಿಸಬಹುದು.

ಪೊರೆ ಬೇರೆ, ಪವರ್ ಬೇರೆ

ಕಣ್ಣಿನಲ್ಲಿ ಬೆಳಕನ್ನು ಬಾಗಿಸುವ ಭಾಗಗಳು ಎರಡು. ಮೊದಲನೆಯದು ಕಾರ್ನಿಯಾ. ಕಪ್ಪು ಗುಡ್ಡೆಯ ಮುಂದೆ ಗಡಿಯಾರದ ಗಾಜಿನ ಹಾಗೆ ಇರುವ ಪಾರದರ್ಶಕ ಪದರ ಇದು. ಎರಡನೆಯದು, ಪಾಪೆಯ ಹಿಂದೆ ಒಂದು ತೆಳುವಾದ ಚೀಲದೊಳಗೆ ಕೂತಿರುವ ಸಹಜ ಲೆನ್ಸ್. ಇವೆರಡೂ ಸೇರಿ ಬೆಳಕನ್ನು ಕಣ್ಣಿನ ಹಿಂಭಾಗದ ರೆಟಿನಾ ಎಂಬ ಪರದೆಯ ಮೇಲೆ ಒಂದು ಬಿಂದುವಿಗೆ ತಂದು ನಿಲ್ಲಿಸಬೇಕು.

ವಯಸ್ಸಾದಂತೆ ಆ ಲೆನ್ಸ್ ಮಬ್ಬಾಗುತ್ತದೆ. ಅದೇ ಪೊರೆ. ಆಪರೇಷನ್ನಿನಲ್ಲಿ ಎರಡು-ಮೂರು ಮಿಲಿಮೀಟರಿನ ಸಣ್ಣ ಗಾಯ ಮಾಡಿ, ಮಬ್ಬಾದ ಲೆನ್ಸನ್ನು ಅಲ್ಟ್ರಾಸೌಂಡ್ ಕಂಪನದಿಂದ ಒಡೆದು ಹೀರಿ ತೆಗೆಯುತ್ತಾರೆ. ಚೀಲವನ್ನು ಹಾಗೇ ಉಳಿಸಿಕೊಂಡು, ಅದರೊಳಗೆ ಸುಮಾರು 6 ಮಿಲಿಮೀಟರ್ ಅಗಲದ ಕೃತಕ ಲೆನ್ಸ್ ಇಡುತ್ತಾರೆ.

ಮಬ್ಬಾದದ್ದನ್ನು ತೆಗೆಯುವುದು ಒಂದು ಕೆಲಸ. ಬೆಳಕು ಸರಿಯಾಗಿ ರೆಟಿನಾದ ಮೇಲೇ ಬೀಳುವಷ್ಟು ಪವರಿನ ಲೆನ್ಸ್ ಆರಿಸುವುದು ಇನ್ನೊಂದು ಕೆಲಸ. ಮೊದಲನೆಯದು ನೂರಕ್ಕೆ ನೂರು ಸರಿಯಾಗಿ ಮುಗಿದರೂ ಎರಡನೆಯದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯಬಹುದು. ಡಾಕ್ಟರ್ ಹೇಳಿದ "ಉಳಿದ ಪವರ್" ಇದೇ.

ಆ ವ್ಯತ್ಯಾಸವನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ. ಕನ್ನಡಕದ ಚೀಟಿಯಲ್ಲಿ ಮೈನಸ್ 1, ಪ್ಲಸ್ 2 ಅಂತ ಬರೆದಿರುತ್ತಾರಲ್ಲ, ಅದೇ ಲೆಕ್ಕ. ಮೈನಸ್ ಪವರಿಗೆ ಒಂದು ಸುಲಭದ ಗುರುತಿದೆ. ಮೈನಸ್ 1 ಉಳಿದಿದ್ದರೆ ಒಂದು ಮೀಟರಿನಷ್ಟು ದೂರಕ್ಕೆ ಸ್ಪಷ್ಟ, ಅದರಾಚೆ ಮಸುಕು. ಮೈನಸ್ ಅರ್ಧ ಆದರೆ ಎರಡು ಮೀಟರಿನಷ್ಟು ದೂರಕ್ಕೆ ಸ್ಪಷ್ಟ. ಪ್ಲಸ್ ಉಳಿದರೆ ಬೆಳಕು ರೆಟಿನಾದ ಹಿಂದೆ ಕೂಡುತ್ತದೆ, ಹತ್ತಿರದ್ದಂತೂ ಕಾಣುವುದಿಲ್ಲ, ದೂರದ್ದೂ ಪೂರ್ತಿ ಸ್ಪಷ್ಟ ಇರುವುದಿಲ್ಲ.

ಮೂರನೆಯದು ಸಿಲಿಂಡರ್ ಪವರ್, ಅಂದರೆ ಅಸ್ಟಿಗ್ಮ್ಯಾಟಿಸಂ. ಚೆಂಡನ್ನು ಎರಡು ಬದಿಯಿಂದ ಸ್ವಲ್ಪ ಅದುಮಿದರೆ ಅದು ಒಂದು ದಿಕ್ಕಿನಲ್ಲಿ ಜಾಸ್ತಿ ಬಾಗಿರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಕಮ್ಮಿ. ಕಾರ್ನಿಯಾ ಹಾಗಿದ್ದರೆ ಬೆಳಕು ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಅಕ್ಷರಗಳಿಗೆ ನೆರಳು ಅಂಟಿಕೊಂಡ ಹಾಗೆ ಕಾಣುತ್ತದೆ.

ಅಳತೆ ತಪ್ಪುವುದು ಎಲ್ಲಿ?

ಇಂಥ ವ್ಯತ್ಯಾಸ ಕೃತಕ ಲೆನ್ಸ್ ಹುಟ್ಟಿದ ದಿನದಿಂದಲೂ ಇದೆ. ಮೊದಲ ಲೆನ್ಸನ್ನು 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಹಾಕಿದರು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಕಣ್ಣು ಆ ಚೂರುಗಳನ್ನು ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು. ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಲೆನ್ಸ್ ಮಾಡಿಸಿದರು. ಲೆನ್ಸೇನೋ ಕಣ್ಣಿನಲ್ಲಿ ನಿಂತಿತು, ಆದರೆ ಪವರ್ ಬಹಳ ಜಾಸ್ತಿಯಾಗಿ ಆ ಮೊದಲ ರೋಗಿಗೆ ಹದಿನೈದು ಡಯಾಪ್ಟರಿಗೂ ಮೀರಿದ ಮೈನಸ್ ಉಳಿಯಿತು.

ಅಲ್ಲಿಂದ ಇಲ್ಲಿಗೆ ಲೆಕ್ಕ ಬಹಳ ಸುಧಾರಿಸಿದೆ. 1980ರ ಹೊತ್ತಿಗೆ ಬಂದ ಒಂದು ಸರಳ ಸೂತ್ರವನ್ನು ನೋಡಿದರೆ ಲೆಕ್ಕ ಹೇಗೆ ನಡೆಯುತ್ತದೆ, ಎಲ್ಲಿ ಜಾರುತ್ತದೆ ಎರಡೂ ಗೊತ್ತಾಗುತ್ತದೆ. ಲೆನ್ಸಿನ ಮಾದರಿಗೆ ಒಂದು ಸ್ಥಿರ ಸಂಖ್ಯೆ ಇರುತ್ತದೆ, 118.4 ಅಂತಿಟ್ಟುಕೊಳ್ಳಿ. ಅದರಿಂದ ಕಣ್ಣಿನ ಉದ್ದದ ಎರಡೂವರೆ ಪಟ್ಟು ಕಳೆಯಬೇಕು. ಆಮೇಲೆ ಕಾರ್ನಿಯಾದ ಪವರಿನ 0.9 ಪಟ್ಟು ಕಳೆಯಬೇಕು. ಉಳಿದದ್ದೇ ಹಾಕಬೇಕಾದ ಲೆನ್ಸಿನ ಪವರ್.

ಕಣ್ಣಿನ ಉದ್ದ 23.5 ಮಿಲಿಮೀಟರ್, ಕಾರ್ನಿಯಾ 43.5 ಡಯಾಪ್ಟರ್ ಇದ್ದರೆ 118.4ರಿಂದ 58.75 ಕಳೆದು, ಮತ್ತೆ 39.15 ಕಳೆದರೆ 20.5 ಉಳಿಯುತ್ತದೆ. ಸರಿ, 20.5ರ ಲೆನ್ಸ್ ಹಾಕೋಣ. ಈಗ ಉದ್ದ ಅಳೆಯುವಾಗ 0.2 ಮಿಲಿಮೀಟರ್ ಜಾಸ್ತಿ ಬಂತು ಅಂತಿಟ್ಟುಕೊಳ್ಳಿ. ಎರಡು ಹಾಳೆ ಕಾಗದದ ದಪ್ಪ ಅದು. ಲೆಕ್ಕ 20ಕ್ಕೆ ಇಳಿಯಿತು. ಅರ್ಧ ಡಯಾಪ್ಟರಿನ ತಪ್ಪು ಲೆನ್ಸ್ ಕಣ್ಣೊಳಗೆ ಹೋಯಿತು. ಕನ್ನಡಕದ ಲೆಕ್ಕದಲ್ಲಿ ಇದು ಸುಮಾರು ಮೂರನೇ ಒಂದು ಡಯಾಪ್ಟರ್. ಒಂದೇ ಅಳತೆಯಲ್ಲಿ ಇಷ್ಟು. ಈಗಿನ ಸೂತ್ರಗಳು ಇದಕ್ಕಿಂತ ಎಷ್ಟೋ ಸೂಕ್ಷ್ಮ, ಅಳೆಯುವ ಯಂತ್ರಗಳೂ ಬೆಳಕಿನಿಂದಲೇ ಅಳೆಯುತ್ತವೆ. ಆದರೂ ಅಳತೆಯ ಮೇಲೆ ಅಳತೆ ಕೂಡುವ ಈ ಸ್ವಭಾವ ಹೋಗಿಲ್ಲ.

ಅಳೆಯುವುದರಲ್ಲಿ ತಪ್ಪಾಗದಿದ್ದರೂ ಇನ್ನೊಂದು ಕಷ್ಟ ಇದೆ. ನನಗೆ ಕಾಣುವಂತೆ ಇಡೀ ವಿಷಯದ ತಿರುಳು ಇಲ್ಲಿದೆ. ಸಹಜ ಲೆನ್ಸ್ ನಾಲ್ಕೈದು ಮಿಲಿಮೀಟರ್ ದಪ್ಪ ಇರುತ್ತದೆ. ಕೃತಕ ಲೆನ್ಸ್ ಅದಕ್ಕಿಂತ ತುಂಬಾ ತೆಳು. ದಪ್ಪ ದಿಂಬಿನ ಗವಸಿನೊಳಗೆ ಒಂದು ತೆಳುವಾದ ತಟ್ಟೆ ಇಟ್ಟ ಹಾಗೆ. ಮುಂದಿನ ವಾರಗಳಲ್ಲಿ ಆ ಗವಸು ಮೆಲ್ಲಗೆ ಕುಗ್ಗಿ ತಟ್ಟೆಗೆ ಅಂಟಿಕೊಳ್ಳುತ್ತದೆ. ಕುಗ್ಗುವಾಗ ತಟ್ಟೆ ಸ್ವಲ್ಪ ಮುಂದೆ ಬಂದು ನಿಲ್ಲಬಹುದು, ಹಿಂದೆ ಸರಿಯಬಹುದು. ಮುಂದೆ ಬಂದರೆ ಮೈನಸ್, ಹಿಂದೆ ಹೋದರೆ ಪ್ಲಸ್. ಅದು ಎಲ್ಲಿ ನಿಲ್ಲುತ್ತದೆ ಎಂದು ಆಪರೇಷನ್ನಿಗೆ ಮೊದಲು ಅಳೆಯುವುದಕ್ಕೆ ಆಗುವುದೇ ಇಲ್ಲ. ಇನ್ನೂ ಆಗದೆ ಇರುವುದನ್ನು ಅಳೆಯುವುದು ಹೇಗೆ? ಹಿಂದಿನ ಸಾವಿರಾರು ಕಣ್ಣುಗಳ ಅನುಭವದಿಂದ ಊಹಿಸಬೇಕು, ಅಷ್ಟೇ.

ಜೊತೆಗೆ ಗಾಯ ಮಾಗುವಾಗ ಕಾರ್ನಿಯಾದ ಆಕಾರವೂ ಚೂರು ಬದಲಾಗುತ್ತದೆ. ಸಾಮಾನ್ಯವಾಗಿ ಲೆನ್ಸ್‌ಗಳು ಸಿಗುವುದೇ ಅರ್ಧರ್ಧ ಡಯಾಪ್ಟರಿನ ಅಂತರದಲ್ಲಿ. ಲೆಕ್ಕ 20.3 ಅಂತ ಬಂದರೂ 20 ಇಲ್ಲವೇ 20.5ರಲ್ಲಿ ಒಂದನ್ನು ಆರಿಸಬೇಕು.

ಕೆಲವು ಕಣ್ಣುಗಳಲ್ಲಿ ಊಹೆ ಇನ್ನೂ ಕಷ್ಟ. ತುಂಬಾ ಉದ್ದದ ಅಥವಾ ತುಂಬಾ ಗಿಡ್ಡ ಕಣ್ಣುಗಳು ಹಾಗೆ. ಹಿಂದೆ ಲೇಸಿಕ್, ಅಂದರೆ ಕನ್ನಡಕದ ಪವರ್ ತೆಗೆಯುವ ಲೇಸರ್ ಚಿಕಿತ್ಸೆ, ಮಾಡಿಸಿಕೊಂಡ ಕಣ್ಣುಗಳಂತೂ ಇನ್ನೂ ಹೆಚ್ಚು. ಲೇಸಿಕ್‌ನಲ್ಲಿ ಕಾರ್ನಿಯಾದ ಮುಂಭಾಗವನ್ನು ಮಾತ್ರ ಕೆತ್ತಿರುತ್ತಾರೆ, ಹಿಂಭಾಗ ಹಾಗೇ ಇರುತ್ತದೆ. ಸಾಮಾನ್ಯ ಯಂತ್ರಗಳು ಮುಂಭಾಗವನ್ನು ಅಳೆದು ಹಿಂಭಾಗವನ್ನು ಅಂದಾಜು ಮಾಡುತ್ತವೆ. ಆ ಅಂದಾಜು ಇಲ್ಲಿ ತಪ್ಪುತ್ತದೆ. ಮೈನಸ್ ಪವರಿಗೆ ಲೇಸಿಕ್ ಮಾಡಿಸಿದವರಿಗೆ ಪೊರೆ ಆಪರೇಷನ್ ಆದ ಮೇಲೆ ಪ್ಲಸ್ ಉಳಿಯುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಕನ್ನಡಕ ಬೇಡ ಅಂತಲೇ ಲೇಸಿಕ್ ಮಾಡಿಸಿಕೊಂಡವರು ಇವರು. ಇವರಿಗೆ ಕನ್ನಡಕ ಮತ್ತೆ ಬಂದರೆ ಬೇಸರ ಆಗದೆ ಇರುತ್ತದಾ?

ಸ್ವಲ್ಪ ಪವರ್ ಉಳಿಯುವುದು ಅಪರೂಪವಲ್ಲ ಎಂದು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಿಗೆ 2009ರಲ್ಲಿ ಸೂಚಿಸಿದ್ದ ಗುರಿಯೇ ಹೇಳುತ್ತದೆ: ನೂರರಲ್ಲಿ 85 ಕಣ್ಣುಗಳು ಅಂದುಕೊಂಡ ಪವರಿನಿಂದ ಒಂದು ಡಯಾಪ್ಟರಿನೊಳಗೆ, 55 ಕಣ್ಣುಗಳು ಅರ್ಧ ಡಯಾಪ್ಟರಿನೊಳಗೆ ಬರಬೇಕು ಎಂದು. ಈಗ ಫಲಿತಾಂಶ ಅದಕ್ಕಿಂತ ಚೆನ್ನಾಗಿದೆ. ಆದರೆ ಒಳ್ಳೆಯ ಕೈಗಳಲ್ಲೂ ಎಲ್ಲ ಕಣ್ಣೂ ಗುರಿ ಮುಟ್ಟುವುದಿಲ್ಲ.

ಪವರ್ ಉಳಿದರೆ ಈವರೆಗೆ ಏನು ಮಾಡುತ್ತಿದ್ದರು?

ಎಲ್ಲಕ್ಕಿಂತ ಸುಲಭ, ಸುರಕ್ಷಿತ ದಾರಿ ಕನ್ನಡಕ. ಅದರಲ್ಲಿ ಸೋಲೇನೂ ಇಲ್ಲ. ಎಷ್ಟೋ ಜನ ಓದುವುದಕ್ಕೆ ಹೇಗೂ ಕನ್ನಡಕ ಹಾಕುತ್ತಾರೆ, ದೂರಕ್ಕೂ ಸ್ವಲ್ಪ ಪವರ್ ಸೇರಿಸಿದರೆ ಮುಗಿಯಿತು.

ಕನ್ನಡಕ ಬೇಡ ಅನ್ನುವವರಿಗೆ ಕಾರ್ನಿಯಾ ಮೇಲೆ ಲೇಸರ್ ಇದೆ. ಆದರೆ ವಯಸ್ಸಾದವರಲ್ಲಿ ಕಣ್ಣು ಒಣಗುವ ತೊಂದರೆ ಮೊದಲೇ ಇರುತ್ತದೆ, ಲೇಸರ್ ಅದನ್ನು ಹೆಚ್ಚಿಸಬಹುದು. ಪವರ್ ತುಂಬಾ ತಪ್ಪಿದ್ದರೆ ಹಾಕಿದ ಲೆನ್ಸನ್ನು ತೆಗೆದು ಬೇರೆ ಹಾಕಬಹುದು. ಅದನ್ನು ಚೀಲ ಗಟ್ಟಿಯಾಗಿ ಅಂಟಿಕೊಳ್ಳುವ ಮೊದಲೇ ಮಾಡುವುದು ಲೇಸು. ಇಲ್ಲವೇ ಮೊದಲ ಲೆನ್ಸಿನ ಮುಂದೆ ಇನ್ನೊಂದು ತೆಳುವಾದ ಲೆನ್ಸ್ ಕೂರಿಸಬಹುದು. ಎರಡಕ್ಕೂ ಕಣ್ಣನ್ನು ಮತ್ತೆ ತೆರೆಯಲೇಬೇಕು.

ಸಿಲಿಂಡರ್ ಪವರ್ ಇರುವವರಿಗೆ ಟೋರಿಕ್ ಲೆನ್ಸ್ ಎಂಬುದು ಮೊದಲೇ ಇದೆ. ಅದನ್ನು ಸರಿಯಾದ ಕೋನಕ್ಕೆ ತಿರುಗಿಸಿ ಇಡಬೇಕು, ಗಡಿಯಾರದ ಮುಳ್ಳಿನ ಹಾಗೆ. ಒಂದು ಡಿಗ್ರಿ ತಿರುಗಿದರೆ ಅದರ ಕೆಲಸದಲ್ಲಿ ನೂರಕ್ಕೆ ಮೂರು ಪಾಲಿಗಿಂತ ಸ್ವಲ್ಪ ಜಾಸ್ತಿ ಕಮ್ಮಿಯಾಗುತ್ತದೆ. ಮೂವತ್ತು ಡಿಗ್ರಿ ತಿರುಗಿದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಆಗ ಮತ್ತೆ ಒಳಗೆ ಹೋಗಿ ತಿರುಗಿಸಿ ಸರಿ ಮಾಡಬೇಕು.

ಇಲ್ಲಿ ಒಂದು ಮಾತು ಸೇರಿಸಬೇಕು. ಆಪರೇಷನ್ ಆಗಿ ತಿಂಗಳುಗಳೋ ವರ್ಷಗಳೋ ಚೆನ್ನಾಗಿ ಕಂಡು, ಆಮೇಲೆ ಮೆಲ್ಲಗೆ ಮಬ್ಬಾದರೆ ಅದು ಸಾಮಾನ್ಯವಾಗಿ ಉಳಿದ ಪವರ್ ಅಲ್ಲ. ಲೆನ್ಸ್ ಕೂತಿರುವ ಚೀಲದ ಹಿಂಬದಿಯ ಪದರ ಮಬ್ಬಾಗಿರುತ್ತದೆ. ಜನ "ಪೊರೆ ಮತ್ತೆ ಬಂತು" ಅನ್ನುವುದು ಇದನ್ನೇ. ಅದಕ್ಕೆ ಬೇರೆ ಬಗೆಯ ಲೇಸರ್ ಇದೆ, ಕೆಲವೇ ನಿಮಿಷದ ಕೆಲಸ. ಎರಡನ್ನೂ ಕಲಸಿಕೊಂಡು ಸುಮ್ನೆ ಹೆದರುವುದು ಬೇಡ.

ಅಳತೆ ಕೊನೆಗೆ ತೆಗೆದುಕೊಂಡರೆ?

ಬಟ್ಟೆ ಹೊಲಿಯುವವರು ಒಮ್ಮೆ ಅಳತೆ ತೆಗೆದು ಕತ್ತರಿಸಿದ ಮೇಲೂ ಅಂಚಿನಲ್ಲಿ ಸ್ವಲ್ಪ ಬಟ್ಟೆ ಉಳಿಸಿಕೊಳ್ಳುತ್ತಾರೆ. ಹಾಕಿಸಿ ನೋಡಿ, ಬೇಕಾದರೆ ಬಿಟ್ಟು, ಬೇಕಾದರೆ ಹಿಡಿದು, ಕೊನೆಯ ಹೊಲಿಗೆ ಆಮೇಲೆ ಹಾಕುತ್ತಾರೆ. ಕಣ್ಣಿನ ಲೆನ್ಸಿಗೂ ಹೀಗೆ ಮಾಡಬಹುದಾ?

ಈ ಆಲೋಚನೆಯನ್ನು ಹಿಡಿದವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಣ್ಣಿನ ಡಾಕ್ಟರ್ ಡೇನಿಯಲ್ ಶ್ವಾರ್ಟ್ಜ್. ಅವರ ಜೊತೆ ಸೇರಿದವರು ಕ್ಯಾಲ್ಟೆಕ್ ಸಂಸ್ಥೆಯ ರಸಾಯನ ವಿಜ್ಞಾನಿ ರಾಬರ್ಟ್ ಗ್ರಬ್ಸ್ ಮತ್ತು ಪಾಲಿಮರ್ ತಜ್ಞೆ ಜೂಲಿಯಾ ಕಾರ್ನ್‌ಫೀಲ್ಡ್. ಗ್ರಬ್ಸ್ ಅವರಿಗೆ ಬೇರೊಂದು ಕೆಲಸಕ್ಕೆ 2005ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇವರ ಕೆಲಸದಿಂದ ಬೆಳೆದ ಲೆನ್ಸಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಲೆನ್ಸಿನ ಹೆಸರು ಲೈಟ್ ಅಡ್ಜಸ್ಟಬಲ್ ಲೆನ್ಸ್, ತಯಾರಿಸುವ ಕಂಪನಿ ಆರ್‌ಎಕ್ಸ್‌ಸೈಟ್. ಬೆಳಕಿನಿಂದ ತಿದ್ದಬಹುದಾದ ಲೆನ್ಸ್ ಅನ್ನುವುದೇ ಆ ಹೆಸರಿನ ಅರ್ಥ.

ಬೆಳಕು ಲೆನ್ಸಿನ ಆಕಾರ ಬದಲಾಯಿಸುವುದು ಹೇಗೆ?

ಹಲ್ಲಿನ ಡಾಕ್ಟರ್ ಹುಳುಕಿನ ತೂತಿಗೆ ಬಿಳಿ ಫಿಲ್ಲಿಂಗ್ ತುಂಬಿ, ನೀಲಿ ಬೆಳಕು ಹಿಡಿಯುವುದನ್ನು ನೋಡಿರಬಹುದು. ಮೆತ್ತಗಿದ್ದದ್ದು ಕೆಲವು ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಬೆಳಕು ತಾಗಿದಾಗ ಅದರೊಳಗಿನ ಸಣ್ಣ ಅಣುಗಳು ಒಂದಕ್ಕೊಂದು ಕೈ ಹಿಡಿದು ಉದ್ದ ಸರಪಳಿಗಳಾಗುತ್ತವೆ. ಈ ಲೆನ್ಸಿನ ಗುಟ್ಟೂ ಅದೇ ಜಾತಿಯದು. ಆದರೆ ಇಲ್ಲಿ ಇನ್ನೊಂದು ಹೆಜ್ಜೆ ಇದೆ, ಅದು ನಿಜಕ್ಕೂ ಸೊಗಸಾದದ್ದು.

ಲೆನ್ಸ್ ಸಿಲಿಕೋನಿನದು. ಅದರ ಬಲೆಯಂಥ ಹಂದರದೊಳಗೆ ಅಲ್ಲಲ್ಲಿ ಓಡಾಡಿಕೊಂಡಿರುವ ಸಣ್ಣ ಅಣುಗಳಿವೆ. ಅವು ಹಂದರಕ್ಕೆ ಅಂಟಿಕೊಂಡಿಲ್ಲ. 365 ನ್ಯಾನೋಮೀಟರಿನ ಅತಿನೇರಳೆ (ಯುವಿ) ಬೆಳಕು ತಾಗಿದರೆ ಮಾತ್ರ ಒಂದಕ್ಕೊಂದು ಸೇರಿ ಅಲ್ಲೇ ನೆಲೆ ನಿಲ್ಲುತ್ತವೆ.

ಒಂದು ದೊಡ್ಡ ಸಭಾಂಗಣ ಕಲ್ಪಿಸಿಕೊಳ್ಳಿ. ಒಳಗೆ ಜನ ಎಲ್ಲ ಕಡೆ ಸಮನಾಗಿ ಓಡಾಡುತ್ತಿದ್ದಾರೆ. ನಡುವಿನ ಜಾಗದ ಮೇಲೆ ಮಾತ್ರ ದೀಪ ಹಾಕಿದಿರಿ. ದೀಪದ ಕೆಳಗಿದ್ದವರು ಪರಸ್ಪರ ಕೈ ಹಿಡಿದು ಅಲ್ಲೇ ಕೂತುಬಿಟ್ಟರು. ಈಗ ನಡುವೆ ಓಡಾಡುವವರು ಕಮ್ಮಿ, ಅಂಚಿನಲ್ಲಿ ಜಾಸ್ತಿ. ಓಡಾಡುವವರು ಎಲ್ಲ ಕಡೆ ಸಮನಾಗಿ ಹರಡಿಕೊಳ್ಳುವ ಸ್ವಭಾವದವರು, ಹಾಗಾಗಿ ಅಂಚಿನಿಂದ ಒಬ್ಬೊಬ್ಬರಾಗಿ ನಡುವಿಗೆ ಬರುತ್ತಾರೆ. ಕೊನೆಗೆ ನಡುವೆ ಕೂತವರೂ ಇದ್ದಾರೆ, ಹೊಸದಾಗಿ ಬಂದವರೂ ಇದ್ದಾರೆ. ಅಲ್ಲಿ ಒತ್ತಾಯಿತು.

ಲೆನ್ಸಿನಲ್ಲೂ ಹೀಗೇ. ಬೆಳಕು ಬಿದ್ದ ಕಡೆಗೆ ಅಣುಗಳು ಮುಂದಿನ ಒಂದೆರಡು ದಿನಗಳಲ್ಲಿ ಮೆಲ್ಲಗೆ ಹರಿದು ಬರುತ್ತವೆ, ಆ ಜಾಗ ಕೂದಲೆಳೆಯಷ್ಟು ಉಬ್ಬುತ್ತದೆ. ಯಾವ ಕತ್ತರಿಯೂ ಇಲ್ಲ, ಕಣ್ಣಿನ ಯಾವ ಭಾಗವನ್ನೂ ಕೊಯ್ಯುವುದಿಲ್ಲ. ಲೆನ್ಸಿನೊಳಗಿನ ವಸ್ತುವೇ ಜಾಗ ಬದಲಾಯಿಸಿ ಹೊಸ ಆಕಾರ ಪಡೆಯುತ್ತದೆ.

ಉಳಿದದ್ದು ಬೆಳಕನ್ನು ಎಲ್ಲಿಗೆ ಹಾಯಿಸಬೇಕು ಎಂಬುದು. ನಡುವಿಗೆ ಹಾಯಿಸಿದರೆ ನಡು ಉಬ್ಬಿ ಲೆನ್ಸಿನ ಪವರ್ ಹೆಚ್ಚುತ್ತದೆ, ಉಳಿದ ಪ್ಲಸ್ ಸರಿಹೋಗುತ್ತದೆ. ಅಂಚಿಗೆ ಹಾಯಿಸಿದರೆ ಅಣುಗಳು ಹೊರಕ್ಕೆ ಹರಿದು ನಡು ಚಪ್ಪಟೆಯಾಗುತ್ತದೆ, ಮೈನಸ್ ಇಳಿಯುತ್ತದೆ. ಒಂದು ದಿಕ್ಕಿಗೆ ಹೆಚ್ಚು, ಅದರ ಅಡ್ಡ ದಿಕ್ಕಿಗೆ ಕಮ್ಮಿ ಹಾಯಿಸಿದರೆ ಸಿಲಿಂಡರ್ ಪವರ್ ಸರಿಹೋಗುತ್ತದೆ. ಟೋರಿಕ್ ಲೆನ್ಸಿನ ಹಾಗೆ ಇದನ್ನು ಕೋನ ನೋಡಿ ಕೂರಿಸಬೇಕಾಗಿಲ್ಲ. ಲೆನ್ಸ್ ನಿಂತ ಮೇಲೆ ಅದು ಇರುವ ಜಾಗದಲ್ಲೇ ಕೋನ ಬರೆಯುತ್ತಾರೆ.

ಎಷ್ಟು ತಿದ್ದಬಹುದು ಎಂಬುದಕ್ಕೆ ಮಿತಿ ಇದೆ. ಪ್ಲಸ್ಸಾಗಲಿ ಮೈನಸ್ಸಾಗಲಿ ಸುಮಾರು 2 ಡಯಾಪ್ಟರ್, ಸಿಲಿಂಡರ್ ಕೂಡ ಸುಮಾರು 2 ಡಯಾಪ್ಟರಿನವರೆಗೆ. ಲೆನ್ಸ್ ಆರಿಸುವಾಗಿನ ಲೆಕ್ಕ ಹೇಗಾದರೂ ಇರಲಿ ಅಂತ ಬಿಡುವ ಹಾಗಿಲ್ಲ.

ತಿದ್ದುವ ದಿನ ಏನಾಗುತ್ತದೆ?

ಆಪರೇಷನ್ ಎಂದಿನಂತೆಯೇ. ಆಮೇಲೆ ಕನಿಷ್ಠ ಎರಡೂವರೆ-ಮೂರು ವಾರ ಕಾಯುತ್ತಾರೆ. ಗಾಯ ಮಾಗಬೇಕು, ಚೀಲ ಕುಗ್ಗಬೇಕು, ಲೆನ್ಸ್ ತನ್ನ ಜಾಗ ಹಿಡಿಯಬೇಕು. ಮೊದಲು ಊಹಿಸಬೇಕಾಗಿದ್ದದ್ದೆಲ್ಲ ಈಗ ಕಣ್ಣೆದುರಿಗೆ ನಡೆದು ಮುಗಿದಿರುತ್ತದೆ.

ಆ ದಿನದ ಮೊದಲ ಕೆಲಸ ಎಲ್ಲರಿಗೂ ಗೊತ್ತಿರುವ ಕಣ್ಣಿನ ಪರೀಕ್ಷೆ. ಭಾರದ ಫ್ರೇಮಿಗೆ ಒಂದೊಂದೇ ಗಾಜು ಹಾಕಿ "ಇದು ಚೆನ್ನಾಗಿದೆಯಾ, ಇದಾ?" ಅಂತ ಕೇಳುತ್ತಾರಲ್ಲ, ಅದೇ. ಆದರೆ ಇಲ್ಲಿ ಕೊಡುವ ಉತ್ತರಕ್ಕೆ ತೂಕ ಜಾಸ್ತಿ. ಸಿಗುವ ಸಂಖ್ಯೆ ಕನ್ನಡಕದ ಅಂಗಡಿಗೆ ಹೋಗುವುದಿಲ್ಲ, ಕಣ್ಣೊಳಗಿನ ಲೆನ್ಸಿಗೆ ಹೋಗುತ್ತದೆ. ಹಾಗಾಗಿ ಅವಸರ ಮಾಡಬಾರದು. ಎರಡೂ ಒಂದೇ ಥರ ಕಂಡರೆ "ಒಂದೇ ಥರ ಇದೆ" ಅಂತಲೇ ಹೇಳಬೇಕು.

ಆಮೇಲೆ ಹನಿ ಹಾಕಿ ಪಾಪೆಯನ್ನು ಅಗಲ ಮಾಡುತ್ತಾರೆ. ಲೆನ್ಸಿನ ಅಂಚಿನವರೆಗೂ ಬೆಳಕು ಹೋಗಬೇಕಲ್ಲ, ಅದಕ್ಕೆ. ಕಣ್ಣು ಮರಗಟ್ಟುವ ಹನಿ ಹಾಕಿ, ಗದ್ದವನ್ನು ಯಂತ್ರದ ಪಟ್ಟಿಯ ಮೇಲೆ ಇಡಿಸುತ್ತಾರೆ. ಕಣ್ಣಿನ ಮೇಲೆ ಒಂದು ವಿಶೇಷ ಕಾಂಟ್ಯಾಕ್ಟ್ ಲೆನ್ಸ್ ಹಿಡಿಯುತ್ತಾರೆ, ಕಣ್ಣು ಮಿಟುಕದ ಹಾಗೆ, ಅಲುಗದ ಹಾಗೆ. ಎದುರಿಗೆ ಕಾಣುವ ದೀಪವನ್ನೇ ನೋಡುತ್ತಿರಬೇಕು. ಮುಕ್ಕಾಲು ನಿಮಿಷದಿಂದ ಎರಡು ನಿಮಿಷ, ಅಷ್ಟೇ. ನೋವಿರುವುದಿಲ್ಲ. ಆಮೇಲೆ ಕೆಲವರಿಗೆ ಸ್ವಲ್ಪ ಹೊತ್ತು ಎಲ್ಲವೂ ನಸುಗೆಂಪಾಗಿ ಕಾಣಬಹುದು.

ಮುಂದಿನ ಸಲಕ್ಕೆ ಕನಿಷ್ಠ ಮೂರು ದಿನದ ಅಂತರ ಕೊಡುತ್ತಾರೆ. ಅಷ್ಟರಲ್ಲಿ ಅಣುಗಳು ಹರಿದು ಮುಗಿದಿರುತ್ತವೆ. ಮತ್ತೆ ಪರೀಕ್ಷೆ, ಇನ್ನೂ ಚೂರು ಬೇಕಾದರೆ ಮತ್ತೆ ಬೆಳಕು. ಕೊನೆಗೆ ಲೆನ್ಸಿನ ಆಕಾರ ಮತ್ತೆ ಬದಲಾಗದ ಹಾಗೆ ಲಾಕ್ ಮಾಡುವ ಸುತ್ತುಗಳೂ ಸೇರಿ ಹೆಚ್ಚಿನವರಿಗೆ ಮೂರರಿಂದ ಐದು ಸಲ ಕೂರಬೇಕಾಗುತ್ತದೆ.

ಇದರಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ನಡುವಿನ ಆ ದಿನಗಳು. ಈ ಲೆನ್ಸಿನಲ್ಲಿ ಫೋಕಸ್ ಆಗುವುದು ಮುಖ್ಯವಾಗಿ ಒಂದೇ ದೂರಕ್ಕೆ. ಚಿಕ್ಕ ವಯಸ್ಸಿನ ಕಣ್ಣಿನ ಹಾಗೆ ಹತ್ತಿರಕ್ಕೂ ದೂರಕ್ಕೂ ತಾನೇ ಹೊಂದಿಕೊಳ್ಳುವುದಿಲ್ಲ. ಎರಡೂ ಕಣ್ಣನ್ನು ದೂರಕ್ಕೆ ಇಟ್ಟರೆ ಓದುವುದಕ್ಕೆ ಕನ್ನಡಕ ಬೇಕೇ ಬೇಕು. ಕೆಲವರು ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಸ್ವಲ್ಪ ಮೈನಸ್ ಬಿಟ್ಟು ಹತ್ತಿರಕ್ಕೂ ಇಟ್ಟುಕೊಳ್ಳುತ್ತಾರೆ. ಮಿದುಳು ಎರಡನ್ನೂ ಕೂಡಿಸಿಕೊಳ್ಳುತ್ತದೆ. ಕೆಲವರಿಗೆ ಇದು ವರ, ಕೆಲವರಿಗೆ ತಲೆನೋವು. ಸಾಮಾನ್ಯ ಲೆನ್ಸಿನಲ್ಲಿ ಆಪರೇಷನ್ನಿಗೆ ಮೊದಲೇ, ಮಬ್ಬು ಕಣ್ಣಿನಲ್ಲಿ ಕೂತು, ಇದನ್ನು ತೀರ್ಮಾನಿಸಬೇಕು. ಇಲ್ಲಿ ಮನೆಗೆ ಹೋಗಿ ನೋಡಬಹುದು. ಫೋನ್ ಓದಿ, ಮೆಟ್ಟಿಲು ಇಳಿದು, ಕತ್ತಲಲ್ಲಿ ಓಡಾಡಿ ನೋಡಬಹುದು. "ಹತ್ತಿರದ್ದು ಇನ್ನೂ ಸ್ವಲ್ಪ ಬೇಕು" ಅಂತಲೋ "ಇದು ನನಗೆ ಆಗಿ ಬರಲ್ಲ" ಅಂತಲೋ ವಾಪಸ್ ಬಂದು ಹೇಳಬಹುದು.

ಯುವಿ ಕನ್ನಡಕ ಯಾಕೆ ತೆಗೆಯಬಾರದು?

ಸಭಾಂಗಣದ ದೀಪ ನಮ್ಮ ಕೈಯಲ್ಲಿತ್ತು. ಸೂರ್ಯ ನಮ್ಮ ಕೈಯಲ್ಲಿಲ್ಲ. ಬಿಸಿಲಿನಲ್ಲೂ ಅತಿನೇರಳೆ ಬೆಳಕು ಇರುತ್ತದೆ. ಅದು ಲೆನ್ಸಿಗೆ ತಾಗಿದರೆ ಅಣುಗಳು ಡಾಕ್ಟರ್ ಹೇಳುವ ಮೊದಲೇ, ಬೇಕಾಬಿಟ್ಟಿಯಾಗಿ ನೆಲೆ ನಿಲ್ಲಬಹುದು. ಆಗ ಅಂದುಕೊಳ್ಳದ ಪವರ್ ಬರಬಹುದು, ತಿದ್ದಲು ಬೇಕಾದ ಅಣುಗಳೂ ಉಳಿಯದೆ ಹೋಗಬಹುದು.

ಅದಕ್ಕೇ ಆಪರೇಷನ್ ಆದಾಗಿನಿಂದ ಅತಿನೇರಳೆ ಬೆಳಕು ತಡೆಯುವ ಕನ್ನಡಕವನ್ನು ಎಚ್ಚರ ಇರುವಷ್ಟು ಹೊತ್ತೂ ಹಾಕಿಕೊಂಡಿರಬೇಕು. ಮನೆಯೊಳಗೂ ಹಾಕಬೇಕು, ಏಕೆಂದರೆ ಕಿಟಕಿಯಿಂದ ಬಿಸಿಲು ಬರುತ್ತದೆ. ಹೊರಗೆ ಹೋಗಲು ಬಣ್ಣದ ಗಾಜಿನದು, ಒಳಗೆ ಬಣ್ಣವಿಲ್ಲದ್ದು ಇರುತ್ತದೆ. ಆಮೇಲೆ ಬಂದ ಲೆನ್ಸ್‌ಗಳಲ್ಲಿ ದಾರಿತಪ್ಪಿ ಬರುವ ಬೆಳಕನ್ನು ತಡೆಯುವ ಪದರವೊಂದನ್ನು ಸೇರಿಸಿದ್ದಾರೆ, ಆದರೆ ಅದನ್ನೇ ನಂಬಿ ಕನ್ನಡಕ ಬಿಡುವಂತಿಲ್ಲ. ತಿದ್ದುವುದು ಬೇಗ ಮುಗಿದರೆ ನಾಲ್ಕೈದು ವಾರ, ತಡವಾದರೆ ಇನ್ನೂ ಜಾಸ್ತಿ. ಕನ್ನಡಕ ಬೇಡ ಅಂತ ಬಂದವರಿಗೆ ಇಷ್ಟು ದಿನ ಬಿಡದೆ ಕನ್ನಡಕ ಹಾಕಿ ಅನ್ನುವುದು ಕಷ್ಟದ ಮಾತೇ. ಮೊದಲೇ ಗೊತ್ತಿದ್ದರೆ ಮನಸ್ಸು ಅಣಿಯಾಗಿರುತ್ತದೆ.

ಯಾರಿಗೆ ಇದು ಆಗಿ ಬರುವುದಿಲ್ಲ?

ಪಾಪೆ ಸಾಕಷ್ಟು ಅಗಲ ಆಗದ ಕಣ್ಣುಗಳಿಗೆ ಬೆಳಕು ಪೂರ್ತಿ ತಲುಪುವುದಿಲ್ಲ. ಕಣ್ಣು ತಾನಾಗಿಯೇ ಅಲುಗಾಡುವ ತೊಂದರೆ ಇದ್ದವರಿಗೆ, ಹಿಂದೆ ಕಣ್ಣಿಗೆ ಹರ್ಪಿಸ್ ವೈರಸ್ ಸೋಂಕು ಬಂದವರಿಗೆ ಇದನ್ನು ಹಾಕುವುದಿಲ್ಲ. ಅತಿನೇರಳೆ ಬೆಳಕು ಆ ವೈರಸ್ಸನ್ನು ಮತ್ತೆ ಎಬ್ಬಿಸಬಹುದು.

ಮಾತ್ರೆಗಳ ವಿಷಯವನ್ನು ಜನ ಹೇಳಲು ಮರೆಯುತ್ತಾರೆ. ಕೆಲವು ಔಷಧಗಳು ಮೈಯನ್ನು ಅತಿನೇರಳೆ ಬೆಳಕಿಗೆ ಹೆಚ್ಚು ಸೂಕ್ಷ್ಮ ಮಾಡುತ್ತವೆ: ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್, ಹೃದಯ ಬಡಿತಕ್ಕೆ ಕೊಡುವ ಅಮಿಯೊಡರೋನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಇಂಥವು. ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ರೆಟಿನಾಗೆ ಹಾನಿ ಮಾಡಬಲ್ಲದು, ಹಾಗಾಗಿ ಅದೂ ಪಟ್ಟಿಯಲ್ಲಿದೆ. ಸುಮ್ನೆ ಬಿಪಿ ಮಾತ್ರೆ ಅಂತ ಬಿಡದೆ ತೆಗೆದುಕೊಳ್ಳುವ ಎಲ್ಲವನ್ನೂ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಹಾಗಂತ ಯಾವ ಮಾತ್ರೆಯನ್ನೂ ನಾವೇ ನಿಲ್ಲಿಸಬಾರದು.

ರೆಟಿನಾದ ನಡುಭಾಗ ಹಾಳಾಗಿದ್ದರೆ ಲೆನ್ಸಿನ ಪವರ್ ಎಷ್ಟು ಕರಾರುವಾಕ್ಕಾದರೂ ಲಾಭ ಕಮ್ಮಿ. ಕ್ಯಾಮೆರಾದ ಲೆನ್ಸ್ ಒರೆಸಿ ಫಿಲ್ಮ್ ಹಾಳಾಗಿದ್ದ ಹಾಗೆ. ಕಾರ್ನಿಯಾ ಏರುತಗ್ಗಾಗಿರುವ ಕಣ್ಣಿನಲ್ಲೂ ಪೂರ್ತಿ ತಿದ್ದಲು ಆಗುವುದಿಲ್ಲ. ಮತ್ತೆ ಮತ್ತೆ ಆಸ್ಪತ್ರೆಗೆ ಬರುವುದು ಕಷ್ಟ ಆಗುವವರೂ ಯೋಚಿಸಬೇಕು. ಸಾಮಾನ್ಯ ಲೆನ್ಸಿಗಿಂತ ಖರ್ಚೂ ಹೆಚ್ಚು.

ಹಾಗಾದರೆ ಲಾಭ ಎಷ್ಟು? ಎಫ್‌ಡಿಎ ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲಿ 600 ಜನ ಇದ್ದರು. ಆರು ತಿಂಗಳ ನಂತರ ಕನ್ನಡಕವಿಲ್ಲದೆ ದೂರದ ಪಟ್ಟಿ ಓದುವಾಗ ಈ ಲೆನ್ಸ್ ಹಾಕಿಸಿಕೊಂಡವರು ಸಾಮಾನ್ಯ ಲೆನ್ಸಿನವರಿಗಿಂತ ಸರಾಸರಿ ಸುಮಾರು ಒಂದು ಸಾಲು ಕೆಳಗೆ ಓದಿದರು. ಕನ್ನಡಕವಿಲ್ಲದೆ 6/6 ದೃಷ್ಟಿ ಬಂದವರು ಇವರಲ್ಲಿ ನೂರಕ್ಕೆ ಸುಮಾರು 70, ಸಾಮಾನ್ಯ ಲೆನ್ಸಿನವರಲ್ಲಿ ಸುಮಾರು 36. ಈ ಸಂಖ್ಯೆಯನ್ನು ಓದುವಾಗ ಒಂದನ್ನು ಮರೆಯಬಾರದು. ಅಧ್ಯಯನಕ್ಕೆ ಸೇರಿದವರಿಗೆಲ್ಲ ಮೊದಲೇ ಸಿಲಿಂಡರ್ ಪವರ್ ಇತ್ತು, ಹೋಲಿಸಿದ್ದು ಅದನ್ನು ತಿದ್ದದ ಸಾಮಾನ್ಯ ಲೆನ್ಸ್ ಜೊತೆ. ಒಳ್ಳೆಯ ಟೋರಿಕ್ ಲೆನ್ಸ್ ಜೊತೆ ಹೋಲಿಸಿದ್ದರೆ ಅಂತರ ಇಷ್ಟು ದೊಡ್ಡದಾಗಿರುತ್ತಿತ್ತು ಅಂತ ಈ ಸಂಖ್ಯೆಯಿಂದ ಹೇಳಲಾಗದು.

ಲೇಸಿಕ್ ಆದ ಕಣ್ಣು, ಲೆಕ್ಕಕ್ಕೆ ಸಿಗದ ಕಣ್ಣು, ಕನ್ನಡಕವಿಲ್ಲದೆ ಇರಬೇಕು ಎಂಬ ಆಸೆ ಬಲವಾಗಿರುವವರು, ಇವರಿಗೆ ಲಾಭ ಎದ್ದು ಕಾಣುತ್ತದೆ. ಕಣ್ಣಿನ ಅಳತೆ ಸಾಧಾರಣವಾಗಿದ್ದು, ಸಿಲಿಂಡರ್ ಇಲ್ಲದೆ, ಕನ್ನಡಕ ಹಾಕಲು ಬೇಸರ ಇಲ್ಲದವರಿಗೆ ಸಾಮಾನ್ಯ ಲೆನ್ಸೇ ಸಾಕಾಗುತ್ತದೆ. ಇನ್ನೊಂದು ವಿಷಯ: ಇದು ಮೊದಲೇ ಹಾಕಿಸಿಕೊಳ್ಳಬೇಕಾದ ಲೆನ್ಸ್. ಈಗಾಗಲೇ ಬೇರೆ ಲೆನ್ಸ್ ಹಾಕಿಸಿಕೊಂಡು ಪವರ್ ಉಳಿದವರ ಲೆನ್ಸನ್ನು ಈ ಬೆಳಕಿನಿಂದ ತಿದ್ದಲು ಬರುವುದಿಲ್ಲ, ಅದರೊಳಗೆ ಆ ಓಡಾಡುವ ಅಣುಗಳೇ ಇರುವುದಿಲ್ಲ. ಸಾಮಾನ್ಯ ಅಕ್ರಿಲಿಕ್ ಲೆನ್ಸನ್ನೇ ಕಣ್ಣೊಳಗೆ ಬೇರೆ ಬಗೆಯ ಲೇಸರ್‌ನಿಂದ ತಿದ್ದುವ ಪ್ರಯತ್ನವೂ ನಡೆದಿದೆ, ಅದು ಸಂಶೋಧನೆಯ ಹಂತದ್ದು.

ಕೊನೆಯ ಲಾಕ್

ಕಾಣುವುದು ಸರಿಯಾಗಿದೆ ಎಂದು ರೋಗಿಯೂ ಡಾಕ್ಟರೂ ಒಪ್ಪಿದ ಮೇಲೆ ಲಾಕ್ ಮಾಡುತ್ತಾರೆ. ಈ ಸಲ ಲೆನ್ಸಿನ ಮೇಲೆಲ್ಲ ಬೆಳಕು ಹಾಯಿಸುತ್ತಾರೆ. ಸಭಾಂಗಣದ ಎಲ್ಲ ದೀಪ ಒಟ್ಟಿಗೆ ಹಾಕಿದ ಹಾಗೆ: ಎಲ್ಲರೂ ಇದ್ದಲ್ಲೇ ಕೂತುಬಿಡುತ್ತಾರೆ, ಎಲ್ಲಿಂದ ಎಲ್ಲಿಗೂ ಯಾರೂ ಹೋಗುವುದಿಲ್ಲ. ಆಕಾರ ಬದಲಾಗುವುದಿಲ್ಲ, ಬದಲಾಗಲು ಏನೂ ಉಳಿಯುವುದಿಲ್ಲ. ಸಾಮಾನ್ಯವಾಗಿ ಇದನ್ನು ಎರಡು ಸಲ ಮಾಡುತ್ತಾರೆ, ಒಂದು ಅಣುವೂ ತಪ್ಪದ ಹಾಗೆ.

ಲಾಕ್ ಆದ ಮೇಲೆ ವಾಪಸ್ ಬರುವ ದಾರಿ ಇಲ್ಲ. ಮುಂದೆ ವರ್ಷಗಳಲ್ಲಿ ಕಾರ್ನಿಯಾ ಸ್ವಲ್ಪ ಬದಲಾದರೆ, ಪವರ್ ಬಂದರೆ, ಆಗ ಕನ್ನಡಕವೋ ಬೇರೆ ದಾರಿಯೋ ನೋಡಬೇಕು. ಹಾಗಾಗಿ "ಸ್ವಲ್ಪ ಅನುಮಾನ ಇದೆ, ಇನ್ನೊಂದು ವಾರ ನೋಡುತ್ತೇನೆ" ಅಂತ ಹೇಳುವುದಿದ್ದರೆ ಅದನ್ನು ಹೇಳಬೇಕಾದದ್ದು ಲಾಕ್‌ಗೆ ಮೊದಲೇ. ಡಾಕ್ಟರಿಗೆ ತೊಂದರೆ ಕೊಟ್ಟ ಹಾಗಾಗುತ್ತದೆ ಅಂತ ಸಂಕೋಚ ಬೇಡ. ಈ ಲೆನ್ಸ್ ಇರುವುದೇ ಆ ಮಾತು ಕೇಳಿಸಿಕೊಳ್ಳಲಿಕ್ಕೆ.

ಕೊನೆಯ ಲಾಕ್ ಆಗಿ 24 ಗಂಟೆ ಕಳೆದ ಮೇಲೆ ಯುವಿ ಕನ್ನಡಕ ತೆಗೆಯಬಹುದು.